ಹೆರಿಗೆ ಕೋಣೆಯ ತಪ್ಪಿಗೆ ಠಾಣೆಯ ಮದ್ದು

ಮನೆಯಲ್ಲೇ, ಬೆಚ್ಚನೆಯ ನೀರು ತುಂಬಿದ ತೊಟ್ಟಿಯೊಳಗೆ ಕುಳಿತು ಹೆರುವ ಪದ್ಧತಿಯ ಬಗ್ಗೆ ಚೆನ್ನೈಯಲ್ಲಿ ಚಾಲ್ತಿಯಲ್ಲಿರುವ ಅಭಿಪ್ರಾಯ ಸರಳವಾದದ್ದು. ಅದು ಓದಿದವರ ಮೌಢ್ಯ, ವಿಡಿಯೊ ನೋಡಿ ತಲೆಗೇರಿಸಿಕೊಂಡ ಶೋಕಿ. ನೂರಕ್ಕೆ 99.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುವ ರಾಜ್ಯದಲ್ಲಿ ಅದಕ್ಕೆ ಜಾಗವಿಲ್ಲ, ಹಟ ಮಾಡುವವರಿಗೆ ಪೊಲೀಸರಿದ್ದಾರೆ. 2018ರ ಜುಲೈಯಲ್ಲಿ ತಿರುಪ್ಪೂರಿನ ಶಾಲಾ ಶಿಕ್ಷಕಿಯೊಬ್ಬರು ಯೂಟ್ಯೂಬ್ ನೋಡಿ ಮನೆಯಲ್ಲಿ ನಡೆಸಿದ ಹೆರಿಗೆಯಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಮುಂದಿನ ತಿಂಗಳೇ, ವೈದ್ಯರಿಲ್ಲದೆ ಹೆರುವುದನ್ನು ಕಲಿಸುವ ಶಿಬಿರದ ಜಾಹೀರಾತು ಹೊರಡಿಸಿದವರನ್ನು ಕೊಯಮತ್ತೂರಿನಲ್ಲಿ ಬಂಧಿಸಲಾಯಿತು. 2024ರ ನವೆಂಬರಿನಲ್ಲಿ ಚೆನ್ನೈ ಹೊರವಲಯದ ಕುನ್ರತ್ತೂರಿನಲ್ಲಿ ದಂಪತಿಯೊಬ್ಬರು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದ ವಾಟ್ಸಾಪ್ ಗುಂಪಿನ ಸಲಹೆಯ ಮೇಲೆ ಮನೆಯಲ್ಲೇ ಹೆರಿಗೆ ಮಾಡಿಕೊಂಡದ್ದು ಬೆಳಕಿಗೆ ಬಂದಾಗ ಆರೋಗ್ಯ ಇಲಾಖೆಯ ದೂರು ಠಾಣೆಗೆ ಹೋಯಿತು. ಇವೆಲ್ಲ ಸುದ್ದಿಯಾದದ್ದು ಮನೆಯ ಕಾರಣಕ್ಕೆ, ನೀರಿನ ಕಾರಣಕ್ಕಲ್ಲ. ಆದರೂ ಅಂದಿನಿಂದ ತೊಟ್ಟಿ, ಮನೆ, ವಾಟ್ಸಾಪ್, ಮೌಢ್ಯ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮೂಲೆಗೆಸೆಯುವುದು ರೂಢಿಯಾಗಿದೆ. ಆ ಗಂಟನ್ನು ಬಿಚ್ಚದೆ ತೀರ್ಪು ಕೊಡುವುದರಿಂದ ಹೆರುವವರಿಗೆ ನಷ್ಟ, ಅದರಲ್ಲೂ ಮೊದಲ ಸಲ ಹೆರುವವರಿಗೆ.

ಚೊಚ್ಚಲ ಹೆರಿಗೆಯ ಜಾಡೇ ಬೇರೆ. ಎರಡನೆಯ ಮೂರನೆಯ ಹೆರಿಗೆಯಲ್ಲಿ ಗರ್ಭಕೋಶದ ಬಾಯಿ ತೆಳುವಾಗುವುದೂ ತೆರೆದುಕೊಳ್ಳುವುದೂ ಬಹುಮಟ್ಟಿಗೆ ಒಟ್ಟೊಟ್ಟಿಗೆ ನಡೆಯುತ್ತವೆ. ಮೊದಲ ಸಲ ಹಾಗಲ್ಲ. ಮೊದಲು ಅದು ಮೆತ್ತಗಾಗಿ, ಕಾಗದದಷ್ಟು ತೆಳುವಾಗಬೇಕು. ತೆರೆಯುವ ಕೆಲಸ ಶುರುವಾಗುವುದು ಆಮೇಲೆ. ಈ ಪೂರ್ವಭಾಗ ಗಂಟೆಗಟ್ಟಲೆ, ಕೆಲವರಲ್ಲಿ ಒಂದಿಡೀ ದಿನ ಹಿಡಿಯಬಹುದು. ಬೇನೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಹಳೆಯ ಮನೆಗಳ ಅಜ್ಜಿಯರು ಜೀರಿಗೆ ಕಷಾಯ ಕುಡಿಸಿ, ಸೊಂಟಕ್ಕೆ ಬಿಸಿನೀರು ಹೊಯ್ದು ಕಾಯುತ್ತಿದ್ದದ್ದು ಈ ಹೊತ್ತಿನಲ್ಲಿ. ಸುಳ್ಳು ಬೇನೆಯಾದರೆ ಇಳಿಯುತ್ತದೆ, ನಿಜವಾದದ್ದಾದರೆ ಏರುತ್ತದೆ ಎಂಬುದು ಅವರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಹೆರಿಗೆ ಆರೈಕೆಯ ಮಾರ್ಗಸೂಚಿಯ ಪ್ರಕಾರ ಹೆರಿಗೆಯ ಚುರುಕಿನ ಘಟ್ಟ ಆರಂಭವಾಗುವುದು ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೆ. ಅಲ್ಲಿಂದ ಪೂರ್ತಿ ತೆರೆಯುವವರೆಗೆ ಚೊಚ್ಚಲಿನವರಿಗೆ 12 ಗಂಟೆ ಹಿಡಿದರೂ ಅದು ಸಹಜ. ಆಮೇಲೆ ಮಗು ಹೊರಬರುವವರೆಗೆ ಮುಕ್ಕಿ ತಳ್ಳುವ ಘಟ್ಟಕ್ಕೆ ಮೂರು ಗಂಟೆಯವರೆಗೂ ಕಾಯಬಹುದು.

ಇದಕ್ಕೆ ಮೊದಲು ಅರ್ಧ ಶತಮಾನಕ್ಕೂ ಮಿಕ್ಕಿ ಜಗತ್ತಿನ ಹೆರಿಗೆ ಕೋಣೆಗಳನ್ನು ಆಳಿದ್ದು ಬೇರೊಂದು ಗಡಿಯಾರ. ನ್ಯೂಯಾರ್ಕಿನ ಇಮ್ಯಾನುಯೆಲ್ ಫ್ರೀಡ್‌ಮನ್ ಎಂಬ ವೈದ್ಯ 1955ರಲ್ಲಿ 500 ಮಂದಿ ಚೊಚ್ಚಲ ತಾಯಂದಿರ ಹೆರಿಗೆಯನ್ನು ಅಳೆದು ಒಂದು ವಕ್ರರೇಖೆ ಬಿಡಿಸಿದರು. ಗಂಟೆಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ ತೆರೆದರೆ ಹೆರಿಗೆ ಕುಂಟುತ್ತಿದೆ ಎಂಬ ಸೂತ್ರ ಹುಟ್ಟಿದ್ದು ಆ ರೇಖೆಯಿಂದ. 2010ರಲ್ಲಿ ಅಮೆರಿಕದಲ್ಲೇ ಅರವತ್ತೆರಡು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದಾಗ ಆರು ಸೆಂಟಿಮೀಟರಿನವರೆಗೆ ಸಹಜ ಹೆರಿಗೆಯೂ ಇದಕ್ಕಿಂತ ಎಷ್ಟೋ ನಿಧಾನವಾಗಿ ಸಾಗಬಹುದು ಎಂದು ಗೊತ್ತಾಯಿತು. ಗಂಟೆಗೊಂದು ಸೆಂಟಿಮೀಟರ್ ಎಂಬ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟಿದೆ. ಹೆರಿಗೆ ಕೋಣೆಯ ಗೋಡೆ ಮೇಲಿನ ಗಡಿಯಾರ ಮಾತ್ರ ಹಳೆಯ ಲೆಕ್ಕದಲ್ಲೇ ಓಡುತ್ತಿದೆ. ಮೂರು ಸೆಂಟಿಮೀಟರಿಗೆ ದಾಖಲಾದ ಚೊಚ್ಚಲ ಗರ್ಭಿಣಿಗೆ ಸಂಜೆಯ ಹೊತ್ತಿಗೆ 'ಮುಂದಕ್ಕೆ ಹೋಗುತ್ತಿಲ್ಲ' ಎಂಬ ಮಾತು ಕೇಳಿಸುತ್ತದೆ. ಬೇನೆ ಹೆಚ್ಚಿಸುವ ಇಂಜೆಕ್ಷನ್ ಹನಿಯತೊಡಗುತ್ತದೆ, ಬೇನೆ ಒಮ್ಮೆಲೇ ತಾಳಲಾರದಷ್ಟು ಏರುತ್ತದೆ. ಕೆಲವೊಮ್ಮೆ ಮಗುವಿನ ಎದೆಬಡಿತ ಇಳಿಯುತ್ತದೆ. ಆಗ ಸಿಸೇರಿಯನ್ ನಿಜಕ್ಕೂ ಬೇಕಾಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ 44.9 ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ 63.8, ಸರ್ಕಾರಿ ಆಸ್ಪತ್ರೆಗಳಲ್ಲಿ 36. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಪ್ರಮಾಣ 34ರ ಆಸುಪಾಸಿನಲ್ಲಿತ್ತು. ಕರ್ನಾಟಕವೇನೂ ಬೆನ್ನು ತಟ್ಟಿಕೊಳ್ಳಬೇಕಾಗಿಲ್ಲ, ಅಲ್ಲಿ ಒಟ್ಟು 31.5, ಖಾಸಗಿಯಲ್ಲಿ 52.5. ಒಂದು ಸಮಾಜದಲ್ಲಿ ಸಿಸೇರಿಯನ್ ಪ್ರಮಾಣ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಅದು ಏರಿದಂತೆ ತಾಯಿ-ಮಗುವಿನ ಸಾವು ಇಳಿಯುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. ಒಬ್ಬಳಿಗೆ ಬೇಕಾದಾಗ ಶಸ್ತ್ರಕ್ರಿಯೆ ಸಿಗಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಖಾಸಗಿಯಲ್ಲಿ ಮೂವರಲ್ಲಿ ಇಬ್ಬರಿಗೆ ಹತ್ತಿರ ಹತ್ತಿರ ಅದು ಬೇಕಾಗುತ್ತದೆಂದರೆ ಕಾರಣವನ್ನು ಹೆಂಗಸರ ದೇಹದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕಾರಣಗಳು ಗೊತ್ತಿರುವಂಥವೇ. ಒಬ್ಬರೋ ಇಬ್ಬರೋ ಪ್ರಸೂತಿ ತಜ್ಞರಿರುವ ನರ್ಸಿಂಗ್ ಹೋಮಿನಲ್ಲಿ ಹದಿನೆಂಟು ಗಂಟೆಯ ಹೆರಿಗೆಗೆ ಕಾದು ಕೂರುವುದು ಆಗದ ಮಾತು. ಹೊರರೋಗಿಗಳ ಸಾಲು ಇರುತ್ತದೆ, ರಾತ್ರಿ ಅರಿವಳಿಕೆ ವೈದ್ಯರು ಸಿಗುವರೋ ಇಲ್ಲವೋ ಎಂಬ ಚಿಂತೆ ಇರುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಮೊಕದ್ದಮೆಯ ಭಯ, ಗಾಜು ಒಡೆಯುವ ನೆಂಟರ ಭಯ. ಕುಟುಂಬಗಳೂ ಹಿಂದೆ ಬಿದ್ದಿಲ್ಲ. ನಕ್ಷತ್ರ ನೋಡಿ, ರಾಹುಕಾಲ ತಪ್ಪಿಸಿ, ಮೂಲಾ ನಕ್ಷತ್ರ ಬಾರದಂತೆ ಶಸ್ತ್ರಕ್ರಿಯೆಯ ಗಳಿಗೆ ಗೊತ್ತುಮಾಡುವುದು ಮೈಲಾಪುರದಲ್ಲೂ ಮಲ್ಲೇಶ್ವರದಲ್ಲೂ ಒಂದೇ. ಮೊದಲ ಹೆರಿಗೆ ಸಿಸೇರಿಯನ್ ಆದರೆ ಎರಡನೆಯದೂ ಹಾಗೇ ಆಗುವುದು ನಮ್ಮಲ್ಲಿ ಬಹುಪಾಲು ಖಚಿತ. ಗಾಯದ ಗುರುತಿನ ಮೇಲೆ ಮಾಸು ಅಂಟಿಕೊಂಡು ಬಿಡದಿರುವ ಅಪಾಯ ಒಂದೊಂದು ಸಿಸೇರಿಯನ್ನಿಗೂ ಹೆಚ್ಚುತ್ತದೆ. ಆದ್ದರಿಂದ ಚೊಚ್ಚಲಿನ ಹೊತ್ತಿನಲ್ಲಿ ಕಾಯುವ ತಾಳ್ಮೆ ಇತ್ತೇ ಇಲ್ಲವೇ ಎಂಬುದು ಆ ಹೆಂಗಸಿನ ಮುಂದಿನ ಬಸಿರುಗಳನ್ನೂ ನಿರ್ಧರಿಸುತ್ತದೆ.

ಸಿಸೇರಿಯನ್ ಆಗದೆ ಹೆತ್ತವರ ಅನುಭವವೂ ಹೇಳಿಕೊಳ್ಳುವಂಥದ್ದಲ್ಲ. ಕಿರಿದಾದ ಕಬ್ಬಿಣದ ಮೇಜು, ಅಂಗಾತ ಮಲಗಿಸಿ ಎತ್ತಿಕಟ್ಟಿದ ಕಾಲು, ಪದೇ ಪದೇ ಬೇರೆ ಬೇರೆ ಕೈಗಳಿಂದ ಒಳಪರೀಕ್ಷೆ. ಚೊಚ್ಚಲು ಎಂದ ಮೇಲೆ ಕತ್ತರಿ ಹಾಕಿ ಹೊಲಿಗೆ ಹಾಕುವುದು ಕೇಳಿ ಮಾಡುವ ಕೆಲಸವೇ ಅಲ್ಲ. ಕೂಗಿದರೆ ಗದರಿಕೆ. ಚೊಚ್ಚಲ ಬಾಣಂತನಕ್ಕೆ ಹುಡುಗಿಯನ್ನು ತವರಿಗೆ ಕರೆಯುವ ಸಂಪ್ರದಾಯದ ಉದ್ದೇಶವೇ ಬೇನೆಯ ಹೊತ್ತಿನಲ್ಲಿ ಅವಳ ಸುತ್ತ ಬಳಗದ ಹೆಂಗಸರು ಇರಲಿ ಎಂಬುದಾಗಿತ್ತು. ತವರಿಗೆ ಕರೆಯುವುದು ಇವತ್ತಿಗೂ ನಡೆದಿದೆ. ಮಾಂಬಲದಲ್ಲೋ ಅಡಯಾರಿನಲ್ಲೋ ಇರುವ ಕನ್ನಡ ಕುಟುಂಬದ ಸೊಸೆ ಏಳನೆಯ ತಿಂಗಳಿಗೆ ಮೈಸೂರಿಗೋ ಉಡುಪಿಗೋ ಹೋಗುತ್ತಾಳೆ. ಅಲ್ಲಿ ಅವಳ ತಾಯಿ ಲೇಬರ್ ವಾರ್ಡಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರುತ್ತಾಳೆ.

ಇಂಥ ಕೋಣೆಗೆ ಬೆನ್ನು ಹಾಕಿದವರು ನೀರಿನತ್ತ ನೋಡುವುದರಲ್ಲಿ ಮೌಢ್ಯವೇನೂ ಇಲ್ಲ. ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ಮೈ ಹಗುರಾಗುತ್ತದೆ. ತುಂಬು ಬಸುರಿಗೆ ನೆಲದ ಮೇಲೆ ಅಸಾಧ್ಯವಾದ ಭಂಗಿಗಳು, ಮಂಡಿಯೂರಿ ಮುಂದಕ್ಕೆ ಬಾಗುವುದು, ಕುಕ್ಕರಗಾಲಲ್ಲಿ ಕೂರುವುದು, ನೀರಿನಲ್ಲಿ ಸಲೀಸು. ಬಿಗಿದ ಸ್ನಾಯು ಸಡಿಲವಾಗುತ್ತದೆ, ಎರಡು ಬೇನೆಗಳ ನಡುವೆ ವಿಶ್ರಾಂತಿ ಸಿಗುತ್ತದೆ. ನೀರಿನಲ್ಲಿ ಇಳಿದು ಬೇನೆ ತಿನ್ನುವುದರ ಬಗ್ಗೆ 15 ಪ್ರಯೋಗಗಳನ್ನೂ 3,663 ಹೆಂಗಸರನ್ನೂ ಒಳಗೊಂಡ ಕಾಕ್ರೇನ್ ಪರಿಶೀಲನೆ 2018ರಲ್ಲಿ ಪ್ರಕಟವಾಯಿತು. ನೀರಿಗಿಳಿದವರಲ್ಲಿ ಎಪಿಡ್ಯೂರಲ್ ಬಗೆಯ ಅರಿವಳಿಕೆ ಬೇಡಿದವರು ನೂರಕ್ಕೆ 39, ಇಳಿಯದವರಲ್ಲಿ 43. ಸಿಸೇರಿಯನ್ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಲಾಭ ಇದೆ, ಅದು ಚಿಕ್ಕದು. ನೀರಿಗೆ ಪವಾಡದ ಗುಣ ಹಚ್ಚುವವರು ಈ ಅಂಕಿಯನ್ನು ಮುಚ್ಚಿಡುತ್ತಾರೆ, ನೀರನ್ನು ಹಾಸ್ಯ ಮಾಡುವವರಿಗೆ ಇಂಥದ್ದೊಂದು ಅಂಕಿ ಇದೆಯೆಂಬುದೇ ಗೊತ್ತಿರುವಂತೆ ಕಾಣುವುದಿಲ್ಲ.

ಬೇನೆಯ ಹೊತ್ತಿನಲ್ಲಿ ನೀರಿನಲ್ಲಿರುವುದು ಒಂದು ವಿಷಯ, ಮಗುವನ್ನು ನೀರಿನೊಳಗೇ ಹೆರುವುದು ಇನ್ನೊಂದು. ಮೊದಲನೆಯದನ್ನು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಕೂಡ ಒಪ್ಪುತ್ತದೆ. ಎರಡನೆಯದರ ಬಗ್ಗೆ ಅದು 2016ರಲ್ಲಿ, ಸುರಕ್ಷತೆಯ ಪುರಾವೆ ಸಾಲದು, ಹೆರಿಗೆ ನೀರಿನ ಹೊರಗೇ ಆಗಲಿ ಎಂದಿತು. ಬ್ರಿಟನ್ನಿನ ತಜ್ಞರು 2006ರಿಂದಲೇ, ತೊಡಕಿಲ್ಲದ ಬಸಿರಿನವರು ಬಯಸಿದರೆ ಅಡ್ಡಿಯಿಲ್ಲ ಎನ್ನುತ್ತ ಬಂದಿದ್ದಾರೆ. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯ 26 ಸಂಸ್ಥೆಗಳ ದಾಖಲೆ ಕಲೆಹಾಕಿದ 'ಪೂಲ್' ಅಧ್ಯಯನ 2024ರಲ್ಲಿ ಹೊರಬಂತು. ನೀರಿನಲ್ಲಿ ಬೇನೆ ತಿಂದವರಲ್ಲಿ ತೊಡಕಿಲ್ಲದವರು ನೀರಿನಲ್ಲೇ ಹೆತ್ತರೂ ಹೊರಗೆ ಬಂದು ಹೆತ್ತರೂ ತಾಯಿಗಾಗುವ ತೀವ್ರ ಸೀಳುಗಾಯವಾಗಲಿ ಮಗುವಿಗೆ ಬರುವ ಅಪಾಯವಾಗಲಿ ನೀರಿನಿಂದ ಹೆಚ್ಚಲಿಲ್ಲ ಎಂದು ಅದು ತೋರಿಸಿತು. ಮಗುವನ್ನು ನೀರಿನಿಂದ ಮೇಲಕ್ಕೆತ್ತುವಾಗ ಹೊಕ್ಕುಳಬಳ್ಳಿ ಹರಿಯುವುದು ಮಾತ್ರ ನೀರಿನ ಹೆರಿಗೆಯಲ್ಲಿ ತುಸು ಹೆಚ್ಚು. ಬಳ್ಳಿ ಹರಿದರೆ ತಕ್ಷಣ ಹಿಡಿದು ಕ್ಲಿಪ್ ಹಾಕಬೇಕು. ಹಾಕಲು ಗೊತ್ತಿರುವ ಕೈ ಪಕ್ಕದಲ್ಲಿರಬೇಕು.

ನೀರಿನ ಹೆರಿಗೆಯನ್ನು ಆಧುನಿಕ ಕಾಲದಲ್ಲಿ ಪ್ರಸಿದ್ಧಿಗೆ ತಂದದ್ದು ಯಾವುದೋ ಆಶ್ರಮವಲ್ಲ, ಫ್ರಾನ್ಸಿನ ಪಿತಿವಿಯೇ ಎಂಬ ಚಿಕ್ಕ ಊರಿನ ಸರ್ಕಾರಿ ಆಸ್ಪತ್ರೆ. ಅಲ್ಲಿಯ ಶಸ್ತ್ರವೈದ್ಯ ಮಿಶೆಲ್ ಒದಾಂ ಹೆರಿಗೆ ವಿಭಾಗದಲ್ಲಿ ಕೊಳ ಇಟ್ಟದ್ದು ನೋವು ಕಡಿಮೆಯಾಗಲೆಂದು, ಅದರಲ್ಲೇ ಹೆರಲೆಂದು ಅಲ್ಲ. ಕೆಲವರು ಹೊರಬರಲು ಒಲ್ಲದೆ ಅಲ್ಲೇ ಹೆತ್ತರು. ಇಂಥ ನೂರು ಹೆರಿಗೆಗಳ ವರದಿಯನ್ನು ಒದಾಂ 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಳದ ಪಕ್ಕದಲ್ಲಿ ಸೂಲಗಿತ್ತಿಯರಿದ್ದರು, ಅದೇ ಸೂರಿನಡಿ ಶಸ್ತ್ರಕ್ರಿಯೆಯ ಕೋಣೆಯಿತ್ತು. ಇಂದು ವಾಟ್ಸಾಪಿನಲ್ಲಿ ಹರಿದಾಡುವ ತೊಟ್ಟಿಯ ಚಿತ್ರಗಳಲ್ಲಿ ಈ ಎರಡೂ ಚೌಕಟ್ಟಿನ ಹೊರಗೆ ಉಳಿದುಬಿಟ್ಟಿವೆ. ನೀರನ್ನೇ ಮೌಢ್ಯವೆಂದು ತಳ್ಳಿಹಾಕುವ ಅಧಿಕಾರಿಯೂ ಅದೇ ಕತ್ತರಿಸಿದ ಚಿತ್ರವನ್ನೇ ನೋಡಿ ಮಾತನಾಡುತ್ತಿದ್ದಾರೆ.

ಮನೆಯ ಪ್ರಶ್ನೆ ನೀರಿನದಕ್ಕಿಂತ ಗಟ್ಟಿಯಾದದ್ದು, ಅಲ್ಲಿ ವಿನಾಯಿತಿ ತೋರಿಸುವಂತಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು 64,500 ತೊಡಕಿಲ್ಲದ ಹೆರಿಗೆಗಳನ್ನು ಹಿಂಬಾಲಿಸಿದ 'ಬರ್ತ್‌ಪ್ಲೇಸ್' ಅಧ್ಯಯನ 2011ರಲ್ಲಿ ಬಂತು. ಮೊದಲೇ ಹೆತ್ತಿದ್ದವರಿಗೆ ಮನೆಯಿಂದ ಮಗುವಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಚೊಚ್ಚಲಿನವರ ಕತೆ ಬೇರೆಯಾಯಿತು. ಆಸ್ಪತ್ರೆಯ ಪ್ರಸೂತಿ ವಿಭಾಗದಲ್ಲಿ ಹೆರಲು ಹೊರಟವರಲ್ಲಿ ಮಗುವಿಗೆ ಸಾವು ಅಥವಾ ಗಂಭೀರ ತೊಂದರೆ ಸಾವಿರಕ್ಕೆ 5.3 ಇದ್ದರೆ, ಮನೆಯಲ್ಲಿ ಹೆರಲು ಹೊರಟವರಲ್ಲಿ 9.3. ಮನೆಯಲ್ಲಿ ಬೇನೆ ಶುರುವಾದ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಇದು ತರಬೇತಾದ ಸೂಲಗಿತ್ತಿಯರು ಆಮ್ಲಜನಕ, ಔಷಧಿ, ಮಗುವಿಗೆ ಉಸಿರು ಕೊಡುವ ಚೀಲದೊಂದಿಗೆ ಮನೆಗೇ ಬರುವ ದೇಶದ ಲೆಕ್ಕ. ಅಂಥ ಸೂಲಗಿತ್ತಿಯರ ಸೇವೆ ಚೆನ್ನೈಯಲ್ಲಿ ಇಲ್ಲ. ಇಲ್ಲಿ ಮನೆ ಹೆರಿಗೆ ಎಂದರೆ ಗಂಡ, ಒಂದು ಮೊಬೈಲು ಮತ್ತು ಧೈರ್ಯ. ಹುಟ್ಟುವ ಹತ್ತು ಶಿಶುಗಳಲ್ಲಿ ಒಂದಕ್ಕೆ ಉಸಿರಾಟ ಶುರುಮಾಡಲು ಏನಾದರೊಂದು ನೆರವು ಬೇಕಾಗುತ್ತದೆ, ಅದೂ ಮೊದಲ ಒಂದು ನಿಮಿಷದೊಳಗೆ. ಹೆತ್ತ ಮೇಲೆ ಗರ್ಭಕೋಶ ಬಿಗಿಯದಿದ್ದರೆ ರಕ್ತ ಸುರಿಯತೊಡಗುತ್ತದೆ. ಎಷ್ಟು ಹೋಯಿತೆಂದು ತೊಟ್ಟಿಯ ನೀರಿನಲ್ಲಿ ಅಂದಾಜು ಮಾಡುವುದು ಪಳಗಿದವರಿಗೂ ಕಷ್ಟ, ಮೊದಲ ಸಲ ನೋಡುವ ಗಂಡನಿಗೆ ಆಗದು.

ಚೆನ್ನೈಯ ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು, ತೊಟ್ಟಿಯ ಭಕ್ತರು ಇದನ್ನು ಯೋಚಿಸಿದ ಹಾಗೆ ತೋರುವುದಿಲ್ಲ. ಹೆರಿಗೆಯ ತೊಟ್ಟಿಗೆ ಐದಾರು ನೂರು ಲೀಟರ್ ನೀರು ಬೇಕು. ಅದರ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ದಾಟಕೂಡದು, ದಾಟಿದರೆ ತಾಯಿಯ ಮೈ ಕಾದು ಮಗುವಿನ ಎದೆಬಡಿತ ಏರುತ್ತದೆ. ಫ್ಲ್ಯಾಟಿನ ಸಂಪಿಗೆ ಬರುವುದು ಟ್ಯಾಂಕರ್ ನೀರೋ ಬೋರ್‌ವೆಲ್ ನೀರೋ ಮೆಟ್ರೊವಾಟರೋ, ಮೂರೂ ಬೆರೆತದ್ದೋ. ಅದು ತಾರಸಿಯ ಟ್ಯಾಂಕಿನಲ್ಲಿ ಬಿಸಿಲಿಗೆ ಬೇಯುತ್ತ ನಿಂತಿರುತ್ತದೆ. ನಿಂತ ನೀರು 20ರಿಂದ 45 ಡಿಗ್ರಿ ನಡುವೆ ಇದ್ದರೆ ಲೀಜನೆಲ್ಲ ಎಂಬ ಬ್ಯಾಕ್ಟೀರಿಯ ಬೆಳೆಯಲು ಹದ. ಚೆನ್ನೈ ತಾರಸಿಯ ಟ್ಯಾಂಕು ವರ್ಷದ ಹನ್ನೆರಡು ತಿಂಗಳೂ ಆ ಹದದಲ್ಲೇ ಇರುತ್ತದೆ. ಮನೆಯ ತೊಟ್ಟಿಯಲ್ಲಿ ಹುಟ್ಟಿದ ಶಿಶುಗಳಿಗೆ ಈ ಬ್ಯಾಕ್ಟೀರಿಯದಿಂದ ನ್ಯುಮೋನಿಯ ಬಂದ ಪ್ರಕರಣಗಳು ಬ್ರಿಟನ್, ಅಮೆರಿಕಗಳಲ್ಲೇ ದಾಖಲಾಗಿವೆ. ಮೇ ತಿಂಗಳಲ್ಲಿ ಬೇನೆ ಬಂದರೆ ಗೀಸರ್ ಹಾಕುವ ಅಗತ್ಯ ಬೀಳಲಾರದು, ನೀರು ತಣಿಸುವ ದಾರಿ ಹುಡುಕಬೇಕಾದೀತು. 2019ರ ಜೂನಿನಲ್ಲಿ ನಗರದ ನಾಲ್ಕೂ ಜಲಾಶಯಗಳು ಬತ್ತಿ ಕೊಡಗಳ ಸಾಲು ಟ್ಯಾಂಕರಿಗಾಗಿ ಕಾದಿತ್ತು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಅದೇ ನಗರ ಮುಳುಗಿತು. ಪುಳಿಯಂತೋಪಿನಲ್ಲಿ ಆಂಬುಲೆನ್ಸ್ ಬರಲಾಗದೆ ಒಬ್ಬ ಹೆಂಗಸು ಮನೆಯಲ್ಲೇ ಹೆತ್ತರು, ಮಗು ಉಳಿಯಲಿಲ್ಲ. ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಗುವ ಯೋಜನೆಯನ್ನು ಈ ಊರಿನ ರಸ್ತೆಗಳ ಮೇಲೆ ಕಟ್ಟುವುದು ವಿವೇಕವಲ್ಲ.

ಹಾಗಾದರೆ ಚಾಲ್ತಿಯ ಅಭಿಪ್ರಾಯವೇ ಸರಿಯಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಮನೆ ಬೇಡ ಎಂಬ ಅದರ ಉತ್ತರ ಚೊಚ್ಚಲಿನವರ ಮಟ್ಟಿಗೆ ಸರಿ. ಆ ಉತ್ತರಕ್ಕೆ ಅದು ಕೊಡುವ ಕಾರಣ ತಪ್ಪು, ಮುಂದಿಡುವ ಪರಿಹಾರ ಇನ್ನೂ ತಪ್ಪು.

ತಮಿಳುನಾಡಿನ ಸಾಧನೆ ದೊಡ್ಡದು, ಅದನ್ನು ಕಿರಿದು ಮಾಡಬೇಕಾಗಿಲ್ಲ. 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮೂವರು ನರ್ಸುಗಳನ್ನು ಕೊಟ್ಟು ಇಪ್ಪತ್ನಾಲ್ಕು ಗಂಟೆ ಹೆರಿಗೆ ನಡೆಯುವಂತೆ ಮಾಡಿದ್ದು, ಒಂದೊಂದು ತಾಯಿಯ ಸಾವಿನ ಕಾರಣವನ್ನೂ ಕೆದಕಿ ನೋಡುವ ಪದ್ಧತಿಯನ್ನು ತೊಂಬತ್ತರ ದಶಕದಲ್ಲೇ ಹಾಕಿಕೊಟ್ಟದ್ದು, ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ನೆರವು, 108 ವಾಹನ, ರಕ್ತನಿಧಿ ಎಲ್ಲವೂ ಸೇರಿ ಆದ ಕೆಲಸವದು. ಆದರೆ ಪ್ರಾಣ ಉಳಿಸಿದ್ದು ಇವುಗಳಲ್ಲಿ ಯಾವುದು? ಗರ್ಭಕೋಶ ಬಿಗಿಯಿಸುವ ಆಕ್ಸಿಟೋಸಿನ್, ಬಿ.ಪಿ. ಏರಿ ಫಿಟ್ಸ್ ಬಂದಾಗ ಮೆಗ್ನೀಸಿಯಮ್ ಸಲ್ಫೇಟ್, ರಕ್ತದ ಬಾಟಲಿ, ಸಮಯಕ್ಕೆ ಸಿಕ್ಕ ಶಸ್ತ್ರಕ್ರಿಯೆ. ಅಂಗಾತ ಮಲಗಿಸಿದ್ದರಿಂದ ಯಾರ ಪ್ರಾಣವೂ ಉಳಿಯಲಿಲ್ಲ. ತಾಯಿಯನ್ನು ಬಾಗಿಲ ಹೊರಗೆ ಕೂರಿಸಿದ್ದರಿಂದಾಗಲಿ, ಕೇಳದೆ ಹಾಕಿದ ಕತ್ತರಿಯಿಂದಾಗಲಿ, ಗದರಿಕೆಯಿಂದಾಗಲಿ ಸಾವಿನ ಅಂಕಿ ಒಂದಂಶವೂ ಇಳಿಯಲಿಲ್ಲ. ಜೀವ ಕಾಯುವ ವಿದ್ಯೆಯೂ ಜೀವ ಹಿಂಡುವ ರೂಢಿಯೂ ಒಟ್ಟಿಗೆ ಒಂದೇ ಕಟ್ಟಡಕ್ಕೆ ಬಂದು ಸೇರಿದವು. 99.6 ಎಂಬ ಅಂಕಿಯನ್ನು ಎತ್ತಿಹಿಡಿಯುವವರು ಎರಡನ್ನೂ ಒಂದೇ ಪೊಟ್ಟಣವೆಂದು ಭಾವಿಸಿ ಎರಡನ್ನೂ ಸಮರ್ಥಿಸುತ್ತಾರೆ. ಮನೆಯ ತೊಟ್ಟಿಯತ್ತ ಹೋಗುವವರು ಅದೇ ಭಾವನೆಯಿಂದ ಎರಡನ್ನೂ ಬಿಟ್ಟು ಹೋಗುತ್ತಾರೆ.

ಈ ಬೆರಕೆಗೆ ಬಲಿಯಾದ ಒಂದು ವೃತ್ತಿ ಸೂಲಗಿತ್ತಿತನ. ತುಮಕೂರು ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ಹಿರಿಯ ಜೀವ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಸರ್ಕಾರ ವ್ಯಕ್ತಿಗೆ ಪ್ರಶಸ್ತಿ ಕೊಟ್ಟಿತು, ವೃತ್ತಿಗೆ ಉತ್ತರಾಧಿಕಾರಿಗಳನ್ನು ತಯಾರಿಸಲಿಲ್ಲ. ಅವರ ಕಾಲದ ಹಳ್ಳಿ ಹೆರಿಗೆಯಲ್ಲಿ ತಾಯಿ ಮಗು ಸಾಯುತ್ತಿರಲಿಲ್ಲವೆಂದು ಯಾರಾದರೂ ಹೇಳಿದರೆ ಅದು ಹಸಿ ಸುಳ್ಳು. ಆದರೆ ಅಂಥವರ ಕೈಯಲ್ಲಿದ್ದ ಒಂದು ಸಂಗತಿ ಕಟ್ಟಡಗಳಿಗೆ ಸ್ಥಳಾಂತರಗೊಳ್ಳಲೇ ಇಲ್ಲ. ಬೇನೆ ಹತ್ತಿದಾಗಿನಿಂದ ಮಾಸು ಬೀಳುವವರೆಗೆ ಒಬ್ಬಳ ಪಕ್ಕದಲ್ಲಿ ಒಬ್ಬರೇ ಎದ್ದುಹೋಗದೆ ಇರುವುದು ಆ ಸಂಗತಿ. ಇದು ಬರೀ ಭಾವುಕತೆಯಲ್ಲ. ಹೆರಿಗೆಯುದ್ದಕ್ಕೂ ಬಿಡದೆ ಜೊತೆಗಿರುವ ಬೆಂಬಲದ ಬಗ್ಗೆ 17 ದೇಶಗಳ 26 ಪ್ರಯೋಗಗಳನ್ನು, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಕಾಕ್ರೇನ್ ಪರಿಶೀಲನೆ 2017ರಲ್ಲಿ ಬಂದಿದೆ. ಅಂಥ ಜೊತೆ ಸಿಕ್ಕವರಲ್ಲಿ ಸಿಸೇರಿಯನ್ ಸುಮಾರು ಕಾಲುಭಾಗ ಕಡಿಮೆ, ಹೆರಿಗೆ ತುಸು ಬೇಗ, ಅನುಭವ ಕಹಿಯಾಗಿತ್ತೆಂದವರೂ ಕಡಿಮೆ. ನೀರಿನಿಂದ ಸಿಗುವುದಕ್ಕಿಂತ ಇದು ಎಷ್ಟೋ ದೊಡ್ಡ ಲಾಭ. ನೀರಿನ ಹೆರಿಗೆಯ ಹೊಗಳಿಕೆಯಲ್ಲಿ ತೊಟ್ಟಿಗೆ ಸಲ್ಲುವ ಕೀರ್ತಿಯ ಬಹುಪಾಲು, ತೊಟ್ಟಿಯ ಪಕ್ಕ ಮಂಡಿಯೂರಿ ಕುಳಿತವಳಿಗೆ ಸಲ್ಲಬೇಕಾದದ್ದು.

ಠಾಣೆಯ ದಾರಿ ಈ ಜೊತೆಗಾತಿಯನ್ನು ತರುವುದಿಲ್ಲ, ಬದಲಿಗೆ ಇನ್ನೊಂದು ಅಪಾಯವನ್ನು ತರುತ್ತದೆ. ತಾಯಂದಿರ ಸಾವನ್ನು ಅಧ್ಯಯನ ಮಾಡಿದ ಥಡ್ಡಿಯಸ್ ಮತ್ತು ಮೇನ್ 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ನೆರವು ಕೇಳೋಣವೆಂದು ತೀರ್ಮಾನಿಸುವುದರಲ್ಲಿ ಆಗುವ ವಿಳಂಬ ಅವುಗಳಲ್ಲಿ ಮೊದಲನೆಯದು. ದಾರಿಯದೂ ಆಸ್ಪತ್ರೆಯೊಳಗಿನದೂ ಆಮೇಲಿನವು. ಮನೆಯಲ್ಲಿ ಹೆರುತ್ತಿರುವವರಿಗೆ 108ಕ್ಕೆ ಕರೆ ಮಾಡಿದರೆ ಹಿಂದೆಯೇ ಪೊಲೀಸರು ಬರುತ್ತಾರೆಂಬ ಅಂಜಿಕೆ ಹುಟ್ಟಿದರೆ ಈ ಮೊದಲ ವಿಳಂಬ ಲಂಬಿಸುತ್ತದೆ. ಮಾಸು ಬೀಳದೆ ರಕ್ತ ಹೋಗುತ್ತಿರುವಾಗ ಇನ್ನೊಂದು ಹತ್ತು ನಿಮಿಷ ನೋಡೋಣ ಎನ್ನುತ್ತಾರೆ. ಬಸಿರಿನ ನೋಂದಣಿಯನ್ನೇ ತಪ್ಪಿಸಿಕೊಳ್ಳುವವರು ಹೆಚ್ಚುತ್ತಾರೆ. ನೋಂದಣಿ ತಪ್ಪಿದರೆ ಬಿ.ಪಿ., ಸಕ್ಕರೆ, ರಕ್ತಹೀನತೆಯ ತಪಾಸಣೆಯೂ ತಪ್ಪುತ್ತದೆ. ಗುಂಪುಗಳು ಮುಚ್ಚುವುದಿಲ್ಲ, ವಾಟ್ಸಾಪಿನಿಂದ ಟೆಲಿಗ್ರಾಮಿಗೆ ಹೋಗುತ್ತವೆ. ತರಬೇತಿಯಿಲ್ಲದೆ ದುಡ್ಡು ತೆಗೆದುಕೊಂಡು ಹೆರಿಗೆ ಕಲಿಸುವವರನ್ನು ಹಿಡಿಯುವುದು ಸರಿಯೇ. ಹೆತ್ತವಳ ಮನೆಗೆ ಜೀಪು ಕಳಿಸುವುದು ಬೇರೆ ಕೆಲಸ, ಅದರಿಂದ ಯಾವ ಮಗುವಿಗೂ ಉಪಕಾರವಿಲ್ಲ.

ಉಪಕಾರವಾಗುವ ಕೆಲಸಗಳು ಅಪರಿಚಿತವೇನಲ್ಲ. ಇಚ್ಛೆಯ ಜೊತೆಗಾರರು, ಬೇನೆಯ ಹೊತ್ತಿನಲ್ಲಿ ನಡೆದಾಡುವ, ಬೇಕಾದ ಭಂಗಿಯಲ್ಲಿ ಹೆರುವ ಸ್ವಾತಂತ್ರ್ಯ, ಬಾಯಾರಿದರೆ ನೀರು, ರೂಢಿಗೆಂದು ಹಾಕುವ ಕತ್ತರಿಗೆ ತಡೆ: ಎಲ್ಲವೂ ವಿಶ್ವ ಆರೋಗ್ಯ ಸಂಸ್ಥೆಯ 2018ರ ಆ ಮಾರ್ಗಸೂಚಿಯಲ್ಲಿವೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡುವ ವ್ಯವಸ್ಥೆಯನ್ನು ತಮಿಳುನಾಡು ಬೇರೆ ಎಷ್ಟೋ ರಾಜ್ಯಗಳಿಗಿಂತ ಮೊದಲೇ ತಂದಿತ್ತು. ಕೇಂದ್ರ ಸರ್ಕಾರ 2017ರಲ್ಲಿ ಹೆರಿಗೆ ಕೋಣೆಗಳ ಗುಣಮಟ್ಟಕ್ಕೆಂದು 'ಲಕ್ಷ್ಯ' ಯೋಜನೆ ತಂದಿತು. 2018ರ ಡಿಸೆಂಬರಿನಲ್ಲಿ, ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು ಸೂಲಗಿತ್ತಿತನಕ್ಕೆ ವೃತ್ತಿಯ ಸ್ಥಾನ ಕೊಡುವ, ಅವರೇ ನಡೆಸುವ ಹೆರಿಗೆ ಘಟಕಗಳನ್ನು ಆಸ್ಪತ್ರೆಯೊಳಗೇ ತೆರೆಯುವ ನೀತಿ ಪ್ರಕಟಿಸಿತು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಇಂಥ ತರಬೇತಿಯನ್ನು 2011ರಿಂದಲೇ ನಡೆಸುತ್ತಿದೆ. ಒಂದು ಆಸ್ಪತ್ರೆಯಿಂದ ರಾಜ್ಯ ಬದಲಾಗುವುದಿಲ್ಲ ಎಂಬುದಕ್ಕೂ ಅಲ್ಲೇ ಸಾಕ್ಷಿಯಿದೆ, 2019–21ರ ಸಮೀಕ್ಷೆಯಲ್ಲಿ ತೆಲಂಗಾಣದ ಸಿಸೇರಿಯನ್ ಪ್ರಮಾಣ ದೇಶದಲ್ಲೇ ಅತಿ ಹೆಚ್ಚಿತ್ತು, ನೂರಕ್ಕೆ 60.7.

1844ರಲ್ಲಿ ಎಗ್ಮೋರಿನ ಹೆರಿಗೆ ಆಸ್ಪತ್ರೆ ಆರಂಭವಾದ ಊರು ಇದು. ಗೋಷಾ ಹೆಂಗಸರಿಗೆಂದೇ 1885ರಲ್ಲಿ ಮೇರಿ ಶಾರ್ಲೀಬ್ ಬೇರೆ ಆಸ್ಪತ್ರೆ ತೆರೆದು, ಪರದೆಯೊಳಗಿನವರು ಆಸ್ಪತ್ರೆಗೆ ಬಾರದಿದ್ದರೆ ಆಸ್ಪತ್ರೆಯೇ ಅವರ ರೀತಿಗೆ ಒಗ್ಗಬೇಕೆಂದು ತೋರಿಸಿದ ಊರು. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಬರೆದ ಪ್ರಸೂತಿಶಾಸ್ತ್ರದ ಪಠ್ಯವನ್ನು ಓದಿ ದೇಶದ ಎಷ್ಟೋ ತಲೆಮಾರಿನ ವೈದ್ಯರು ಹೆರಿಗೆ ಮಾಡಿಸಲು ಕಲಿತರು. ಇಂಥ ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆಯ ಕೋಣೆಗೆ ಹತ್ತು ಹೆಜ್ಜೆ ದೂರದಲ್ಲಿ ಎರಡು ತೊಟ್ಟಿ ಇಡುವುದು ಅಸಾಧ್ಯದ ಮಾತಲ್ಲ. ಬೇಕಾಗುವುದು ಪರೀಕ್ಷಿಸಿದ ನೀರು, ಥರ್ಮಾಮೀಟರು, ಒಂದು ಹೆರಿಗೆಯಿಂದ ಇನ್ನೊಂದಕ್ಕೆ ತೊಟ್ಟಿ ತೊಳೆಯುವ ಕಟ್ಟುನಿಟ್ಟು, ನೀರಿನೊಳಗೂ ನಡೆಯುವ ಕೈ-ಡಾಪ್ಲರ್. ಬೇನೆಯ ಹೊತ್ತಿನಲ್ಲಿ ಕಾಲುಗಂಟೆಗೊಮ್ಮೆ, ತಳ್ಳುವ ಹೊತ್ತಿನಲ್ಲಿ ಐದು ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳುವ ಸೂಲಗಿತ್ತಿ ಬೇಕು. ತಲೆ ಸುತ್ತಿದರೆ ಆ ಹೆಂಗಸನ್ನು ತೊಟ್ಟಿಯಿಂದ ಎತ್ತುವುದನ್ನು ಮೊದಲೇ ಅಭ್ಯಾಸ ಮಾಡಿದ ಸಿಬ್ಬಂದಿ ಬೇಕು. ನೀರಿನಲ್ಲೇ ಹೆರುವುದಕ್ಕೆ ವೈದ್ಯರ ಮನಸ್ಸು ಒಪ್ಪದಿದ್ದರೆ ಅಮೆರಿಕದವರಂತೆ ಕೊನೆಯ ಘಟ್ಟಕ್ಕೆ ಹೊರಗೆ ಬರಲಿ. ನೋವು ತಣಿಯುವ ಲಾಭವಂತೂ ಅದಕ್ಕೆ ಮೊದಲೇ ಸಿಕ್ಕಿರುತ್ತದೆ.

ತೊಟ್ಟಿ ಎಲ್ಲರಿಗೂ ಆಗುವುದಿಲ್ಲ. ಬಸಿರಿನ ಸಕ್ಕರೆ ಕಾಯಿಲೆಯನ್ನು ಪತ್ತೆಹಚ್ಚುವ ಸರಳ ಕ್ರಮವನ್ನು ದೇಶಕ್ಕೆ ಕಲಿಸಿದ್ದು ಚೆನ್ನೈಯ ಡಾ. ವಿ. ಶೇಷಯ್ಯ. ಅವರ ತಂಡದ ಸಮೀಕ್ಷೆಯಲ್ಲಿ ತಮಿಳುನಾಡಿನ ನಗರದ ಗರ್ಭಿಣಿಯರಲ್ಲಿ ನೂರಕ್ಕೆ 17.8 ಮಂದಿಗೆ ಈ ಕಾಯಿಲೆ ಕಂಡುಬಂದಿತ್ತು. ರಕ್ತಹೀನತೆ ರಾಜ್ಯದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿದೆ. ಬಿ.ಪಿ. ಏರಿದವರು, ಅವಳಿ ಹೊತ್ತವರು, ಮಗು ಅಡಿಮೇಲಾಗಿ ನಿಂತವರು, ಒಡೆದ ನೀರಿನಲ್ಲಿ ಮಗುವಿನ ಮಲ ಕಂಡವರು ತೊಟ್ಟಿಗೆ ಇಳಿಯಕೂಡದು. ಅಂಥವರ ಹೆರಿಗೆಯಲ್ಲಿ ವೈದ್ಯರ ಕಣ್ಣು ಮಾನಿಟರಿನ ಮೇಲೆ ಇರಲೇಬೇಕು. ಆದರೆ ಅವರ ಪಕ್ಕದಲ್ಲೂ ತಾಯಿಯೋ ಅಕ್ಕನೋ ಕೂರಬಹುದು, ಪಕ್ಕಕ್ಕೆ ಹೊರಳಿ ಹೆರಲು ಅವರಿಗೂ ಬಿಡಬಹುದು. ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಲು ಸಕ್ಕರೆಯಾಗಲಿ ಬಿ.ಪಿ.ಯಾಗಲಿ ಅಡ್ಡ ಬರುವುದಿಲ್ಲ.